ಹಳೆಯ ಕ್ರೂಸ್ ಹಡಗಿನಲ್ಲಿ ವಿಹಾರ: ಎಂಪ್ರೆಸ್ ಹಡಗು ಮತ್ತು ಅದರ ಪ್ರಯಾಣಿಕರ ಅನುಭವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೋಗುವ ಎಂಪ್ರೆಸ್ ಹಡಗಿನಲ್ಲಿ ಎರಡು ರಾತ್ರಿಯೋ ಐದು ರಾತ್ರಿಯೋ ಕಳೆದು ಬಂದವರ ಮಾತಿನಲ್ಲಿ ಹೊಗಳಿಕೆ ಮತ್ತು ದೂರು ಎರಡೂ ಬೆರೆತಿರುತ್ತವೆ. ಕೋಣೆ ಚಿಕ್ಕದು ಎನ್ನುವವರೇ ಹಡಗಿನೊಳಗೆ ಓಡಾಡುವುದು ಸುಲಭ ಎನ್ನುತ್ತಾರೆ. ಪೀಠೋಪಕರಣ ಹಳೆಯದಾಯಿತು ಎನ್ನುವವರೇ ಕಡಲು ಇಷ್ಟು ಹತ್ತಿರದಿಂದ ಕಾಣುತ್ತದೆಂದು ಊಹಿಸಿರಲಿಲ್ಲ ಎಂದೂ ಸೇರಿಸುತ್ತಾರೆ. ಈ ಅನಿಸಿಕೆಗಳಲ್ಲಿ ಹೆಚ್ಚಿನವುಗಳ ಮೂಲ ಹಡಗು ಹುಟ್ಟಿದ ಕಾಲದಲ್ಲೇ ಇದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಮುಂಬೈಗೆ ಹೋಗಿ ಮೊದಲ ಬಾರಿಗೆ ಹಡಗು ಹತ್ತಲು ಯೋಚಿಸುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಈ ಹಡಗು ನಿಜವಾಗಿ ಎಷ್ಟು ಹಳೆಯದು?

ಫ್ರಾನ್ಸಿನ ಸೇಂಟ್ ನಜೇರ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡ ಇದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ರಾಯಲ್ ಕೆರಿಬಿಯನ್ ಕಂಪನಿಯ ಸೇವೆಗೆ ಸೇರಿತು. 2004ರಲ್ಲಿ ಇದರ ಹೆಸರು ‘ಎಂಪ್ರೆಸ್ ಆಫ್ ದ ಸೀಸ್’ ಎಂದಾಯಿತು. 2008ರಿಂದ ಕೆಲವು ವರ್ಷ ಸ್ಪೇನಿನ ಪುಲ್ಮಂತುರ್ ಕಂಪನಿಯಲ್ಲಿದ್ದು, 2016ರಲ್ಲಿ ಮರಳಿ ರಾಯಲ್ ಕೆರಿಬಿಯನ್‌ಗೆ ಬಂತು. 2017ರಲ್ಲಿ ಆ ಕಂಪನಿ ಕ್ಯೂಬಾದ ಹವಾನಾಕ್ಕೆ ಪ್ರಯಾಣ ಆರಂಭಿಸಿದಾಗ ಮೊದಲು ಕಳುಹಿಸಿದ್ದು ಇದೇ ಹಡಗನ್ನು. 2020ರ ಡಿಸೆಂಬರ್‌ನಲ್ಲಿ ಮಾರಾಟವಾಗಿ, 2021ರ ಸೆಪ್ಟೆಂಬರ್‌ನಲ್ಲಿ ಕೊರ್ಡೀಲಿಯಾ ಕ್ರೂಸಸ್‌ನ ಹಡಗಾಗಿ ಮುಂಬೈಯಿಂದ ಹೊರಟಿತು. ಇಷ್ಟೆಲ್ಲ ಕೈ ಬದಲಾದರೂ ಉದ್ದ ಸುಮಾರು 211 ಮೀಟರ್, ಹನ್ನೊಂದು ಡೆಕ್ (ಮಹಡಿ), ಸುಮಾರು 800 ಕ್ಯಾಬಿನ್ ಎಂಬ ಮೂಲ ಕಟ್ಟಡ ಹಾಗೆಯೇ ಉಳಿದಿದೆ. ಬಣ್ಣ, ನೆಲಹಾಸು, ಅಡುಗೆಮನೆ, ರಂಗಮಂದಿರಗಳನ್ನು ಬದಲಾಯಿಸಬಹುದು. ಉಕ್ಕಿನ ಗೋಡೆಗಳ ನಡುವಿನ ಅಳತೆಯನ್ನು ಬದಲಾಯಿಸುವುದು ಸುಲಭವಲ್ಲ.

ಇದೇ ವಯಸ್ಸಿನ ಹಡಗುಗಳು ಗುಜರಿಗೆ ಹೋಗಿವೆಯಲ್ಲ?

ಹೌದು, ಮತ್ತು ಆ ಕಥೆ ಭಾರತಕ್ಕೆ ತೀರಾ ಹತ್ತಿರದ್ದು. 2019ರಲ್ಲಿ ಜಲೇಶ್ ಕ್ರೂಸಸ್ ಎಂಬ ಕಂಪನಿ ಮುಂಬೈಯಿಂದ ‘ಕರ್ಣಿಕಾ’ ಎಂಬ ಹಡಗನ್ನು ನಡೆಸಲು ಆರಂಭಿಸಿತು. ಅದು ಸಹ 1990ರಲ್ಲಿ, ಇಟಲಿಯಲ್ಲಿ, ‘ಕ್ರೌನ್ ಪ್ರಿನ್ಸೆಸ್’ ಎಂಬ ಹೆಸರಿನಲ್ಲಿ ಹುಟ್ಟಿದ್ದು. ಎಂಪ್ರೆಸ್‌ಗಿಂತ ಗಾತ್ರದಲ್ಲಿ ದೊಡ್ಡದು. ಕೊರೋನಾ ಕಾಲದಲ್ಲಿ ಕಂಪನಿ ಮುಚ್ಚಿತು, 2020ರ ಕೊನೆಯಲ್ಲಿ ಕರ್ಣಿಕಾ ಗುಜರಾತಿನ ಅಲಂಗ್ ಕಡಲತೀರದಲ್ಲಿ ಒಡೆಯಲ್ಪಟ್ಟಿತು. ಎಂಪ್ರೆಸ್ ನಿರ್ಮಾಣವಾದ ಹಡಗುಕಟ್ಟೆಯಲ್ಲೇ ಕಟ್ಟಿದ, 1988ರಲ್ಲಿ ಸೇವೆಗೆ ಬಂದ ‘ಸಾವರಿನ್ ಆಫ್ ದ ಸೀಸ್’ ಕೂಡ 2020ರಲ್ಲೇ ಟರ್ಕಿಯ ಅಲಿಯಾಗಾದಲ್ಲಿ ಕೊನೆಗೊಂಡಿತು. ಇವು ಓಡಲಾರದ ಸ್ಥಿತಿಯಲ್ಲಿದ್ದವು ಎಂದು ಭಾವಿಸಬಾರದು. ಪ್ರಯಾಣಿಕರೇ ಇಲ್ಲದ ತಿಂಗಳುಗಳಲ್ಲಿ ಹಡಗನ್ನು ಸುಮ್ಮನೆ ನಿಲ್ಲಿಸಿಕೊಳ್ಳುವುದಕ್ಕೂ ಸಿಬ್ಬಂದಿ, ಇಂಧನ, ಬಂದರು ಶುಲ್ಕ ಬೇಕು. ಉಕ್ಕಿನ ಬೆಲೆ ಕೈಗೆ ಸಿಗುವುದೇ ಮೇಲು ಎಂದು ಮಾಲೀಕರಿಗೆ ಅನ್ನಿಸಿದಾಗ ಹಡಗಿನ ಆಯುಸ್ಸು ಮುಗಿಯುತ್ತದೆ. ಎಂಪ್ರೆಸ್‌ಗೆ ಆ ಹೊತ್ತಿನಲ್ಲಿ ಕೊಳ್ಳುವವರು ಸಿಕ್ಕರು. ಅಷ್ಟೇ ವ್ಯತ್ಯಾಸ.

ಮೂವತ್ತೈದು ವರ್ಷದ ಹಡಗಿನಲ್ಲಿ ಪ್ರಯಾಣ ಸುರಕ್ಷಿತವೇ?

ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರಕ್ಕೆ ಅಂತರರಾಷ್ಟ್ರೀಯ ನಿಯಮದಂತೆ ಹನ್ನೆರಡು ತಿಂಗಳ ಅವಧಿ ಮಾತ್ರ. ಪ್ರತಿ ವರ್ಷ ತಪಾಸಣೆ ನಡೆದೇ ಅದು ನವೀಕರಣವಾಗಬೇಕು. ನೀರಿನ ಕೆಳಗಿನ ಭಾಗದ ಪರಿಶೀಲನೆಯೂ ನಿಗದಿತ ಅವಧಿಗಳಲ್ಲಿ, ನೀರು ಖಾಲಿ ಮಾಡಿದ ಕಟ್ಟೆಯಾದ ಡ್ರೈ ಡಾಕ್‌ನಲ್ಲಿ ನಿಲ್ಲಿಸಿಯೂ, ನಡೆಯುತ್ತದೆ. 2010ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಅಗ್ನಿ ಸುರಕ್ಷತಾ ನಿಯಮ ಸುಲಭವಾಗಿ ಹೊತ್ತಿಕೊಳ್ಳುವ ಮರದ ಕೆಲಸವಿದ್ದ ಎಷ್ಟೋ ಹಳೆಯ ಹಡಗುಗಳನ್ನು ಕಡಲಿನಿಂದ ಹೊರಗೆ ಕಳುಹಿಸಿತು. ಈಗ ಓಡುತ್ತಿರುವವು ಆ ಜರಡಿಯನ್ನು ದಾಟಿ ಬಂದವು.

ಆದರೆ ಹೊಸ ಹಡಗಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎಂದು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. 2010ರ ಜುಲೈ ನಂತರ ನಿರ್ಮಾಣ ಆರಂಭವಾದ ದೊಡ್ಡ ಪ್ರಯಾಣಿಕ ಹಡಗುಗಳು, ನಿರ್ದಿಷ್ಟ ಮಿತಿಯೊಳಗಿನ ಬೆಂಕಿಯೋ ನೀರು ನುಗ್ಗುವಿಕೆಯೋ ಸಂಭವಿಸಿದರೂ ತಮ್ಮದೇ ಬಲದಿಂದ ಬಂದರಿಗೆ ಮರಳುವಂತೆ ವಿನ್ಯಾಸಗೊಂಡಿರಬೇಕು ಎಂಬ ನಿಯಮವಿದೆ. ಅದಕ್ಕಿಂತ ಹಳೆಯ ಹಡಗುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ನಡೆಯುವ ತುರ್ತು ಅಭ್ಯಾಸವನ್ನು ಬೇಸರದ ವಿಧಿಯೆಂದು ಬಗೆಯದೆ, ಲೈಫ್ ಜಾಕೆಟ್ ಎಲ್ಲಿದೆ, ತಾವು ಸೇರಬೇಕಾದ ಜಾಗ ಯಾವುದು, ಅಲ್ಲಿಗೆ ಯಾವ ಮೆಟ್ಟಿಲಿನಿಂದ ಹೋಗಬೇಕು ಎಂಬ ಮೂರು ವಿಷಯಗಳನ್ನು ಮನೆಯವರೆಲ್ಲ ತಿಳಿದುಕೊಳ್ಳಬೇಕು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಜನ ಸತ್ತಾಗ ಆ ಹಡಗು ಸೇವೆಗೆ ಬಂದು ಇನ್ನೂ ಆರು ವರ್ಷವೂ ತುಂಬಿರಲಿಲ್ಲ. ಅಂದು ಹತ್ತಿದ ಹಲವರಿಗೆ ಅಭ್ಯಾಸ ಇನ್ನೂ ನಡೆದೇ ಇರಲಿಲ್ಲ.

ಒಳಗೆ ಹೋದ ಮೇಲೆ ಹಳೆಯದೆಂಬುದು ಎಲ್ಲಿ ಗೊತ್ತಾಗುತ್ತದೆ?

ಮೊದಲು ಕ್ಯಾಬಿನ್‌ನಲ್ಲಿ. 1990ರ ಸುಮಾರಿಗೆ ಹಡಗು ವಿನ್ಯಾಸಗೊಳಿಸಿದವರು ಕ್ಯಾಬಿನ್ ಎಂದರೆ ಮಲಗುವ ಮತ್ತು ಬಟ್ಟೆ ಬದಲಾಯಿಸುವ ಜಾಗ, ಉಳಿದ ಹೊತ್ತೆಲ್ಲ ಪ್ರಯಾಣಿಕರು ಹೊರಗಿರುತ್ತಾರೆ ಎಂದುಕೊಂಡಿದ್ದರು. ಎಂಪ್ರೆಸ್‌ಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಇದನ್ನು ಮೂರು ನಾಲ್ಕು ರಾತ್ರಿಗಳ ಕಿರು ವಿಹಾರಕ್ಕೆಂದೇ ಕಟ್ಟಲಾಗಿತ್ತು. ಆದ್ದರಿಂದ ಒಳಭಾಗದ ಸಾಧಾರಣ ಕ್ಯಾಬಿನ್‌ನಲ್ಲಿ ಎರಡು ಹಾಸಿಗೆ, ಒಂದು ಮೇಜು, ಒಂದು ಕಪಾಟು ಇಟ್ಟ ಮೇಲೆ ಇಬ್ಬರು ಒಟ್ಟಿಗೆ ಎದ್ದು ನಿಂತರೆ ಒಬ್ಬರು ಇನ್ನೊಬ್ಬರಿಗೆ ದಾರಿ ಬಿಡಬೇಕಾಗುತ್ತದೆ. ಮಡಚುವ ಮೇಲಿನ ಹಾಸಿಗೆಗಳನ್ನು ಇಳಿಸಿ ನಾಲ್ವರು ಮಲಗಿದರೆ ರೈಲಿನ ಎರಡನೇ ದರ್ಜೆಯ ಬೋಗಿಯ ನೆನಪು ಬರುವುದು ಸಹಜ. ಸ್ನಾನದ ಮನೆಯಂತೂ ಅದಕ್ಕಿಂತ ಇಕ್ಕಟ್ಟು.

ಇನ್ನೊಂದು ಗುರುತು ಬಾಲ್ಕನಿಗಳ ಕೊರತೆ. ಇಂದಿನ ಹಡಗುಗಳಲ್ಲಿ ಸಾಲು ಸಾಲು ಬಾಲ್ಕನಿಗಳು ಸಾಮಾನ್ಯವಾದರೂ ಆ ಕಾಲದಲ್ಲಿ ಅವು ಮೇಲಿನ ಡೆಕ್‌ಗಳ ದುಬಾರಿ ಕೋಣೆಗಳಿಗೆ ಮೀಸಲಾಗಿದ್ದವು. ಹೀಗಾಗಿ ಎಂಪ್ರೆಸ್‌ನಲ್ಲಿ ಬಾಲ್ಕನಿ ಸಿಗುವುದು ಕೆಲವರಿಗೆ ಮಾತ್ರ. ಬಹುಪಾಲು ಪ್ರಯಾಣಿಕರಿಗೆ ತೆರೆಯಲಾಗದ ಕಿಟಕಿ ಅಥವಾ ಕಿಟಕಿಯೇ ಇಲ್ಲದ ಗೋಡೆ. ಮೂರನೆಯದು ವಿದ್ಯುತ್ ಪ್ಲಗ್‌ಗಳ ಪ್ರಶ್ನೆ. ಮೊಬೈಲ್ ಇಲ್ಲದ ಕಾಲದ ಕೋಣೆಗಳಿವು, ಮನೆಮಂದಿಯ ಎಲ್ಲ ಫೋನುಗಳೂ ಒಂದೇ ಮೇಜಿನ ಬಳಿ ಸರದಿ ಕಾಯಬೇಕಾಗಬಹುದು. ಇದರ ಜೊತೆಗೆ ತುಸು ಸವೆದ ಬಾಗಿಲಂಚು, ಬಣ್ಣದ ಮೇಲೆ ಬಣ್ಣ ಬಳಿದ ಕಂಬಿ, ಉಪ್ಪುಗಾಳಿಗೆ ಮತ್ತೆ ಮತ್ತೆ ಇಣುಕುವ ತುಕ್ಕು. ತುಕ್ಕು ಕಂಡ ತಕ್ಷಣ ಹೆದರಬೇಕಾಗಿಲ್ಲ. ಹೊಸ ಹಡಗಿನಲ್ಲೂ ಅದರ ವಿರುದ್ಧದ ಕೆಲಸ ದಿನವೂ ನಡೆಯುತ್ತಲೇ ಇರುತ್ತದೆ.

ಹಾಗಾದರೆ ಜನ ಮೆಚ್ಚುವುದು ಏನನ್ನು?

ಗಾತ್ರವನ್ನು, ಅಂದರೆ ದೊಡ್ಡದಲ್ಲದ ಗಾತ್ರವನ್ನು. ಹಡಗಿನ ಒಟ್ಟು ಒಳ ಅವಕಾಶವನ್ನು ಅಳೆಯುವ ಗ್ರಾಸ್ ಟನ್ನೇಜ್ ಲೆಕ್ಕದಲ್ಲಿ ಎಂಪ್ರೆಸ್ ಸುಮಾರು 48,500. 2024ರಲ್ಲಿ ಸೇವೆಗೆ ಬಂದ ‘ಐಕಾನ್ ಆಫ್ ದ ಸೀಸ್’ ಸುಮಾರು 2,48,600, ಅಂದರೆ ಐದು ಪಟ್ಟು. ಅಷ್ಟು ದೊಡ್ಡ ಹಡಗಿನಲ್ಲಿ ಊಟದ ಸಭಾಂಗಣದಿಂದ ಕೋಣೆಗೆ ಮರಳುವುದೇ ಒಂದು ನಡಿಗೆ. ಎಂಪ್ರೆಸ್‌ನಲ್ಲಿ ಮೊದಲ ಸಂಜೆಗೇ ದಾರಿಗಳು ಪರಿಚಯವಾಗುತ್ತವೆ. ಮಧ್ಯದ ಬಹುಮಹಡಿ ಅಂಗಳದಲ್ಲಿ ನಿಂತರೆ ಯಾವ ಮೆಟ್ಟಿಲು ಎಲ್ಲಿಗೆ ಎಂಬುದು ಕಣ್ಣಿಗೇ ಕಾಣುತ್ತದೆ. ತಪ್ಪಿಸಿಕೊಂಡ ಅಜ್ಜ ಅಜ್ಜಿಯರನ್ನು ಹುಡುಕುವುದು ಕಷ್ಟವಲ್ಲ. ಕೂಡುಕುಟುಂಬವಾಗಿ ಹೋದವರು ಇದನ್ನು ವಿಶೇಷವಾಗಿ ಹೇಳುತ್ತಾರೆ.

ಎರಡನೆಯದು ಕಡಲು. ಹೊಸ ಹಡಗುಗಳಲ್ಲಿ ಹಲವು ನೀರಿನ ಜಾರುಬಂಡೆ, ಅಂಗಡಿಸಾಲು, ಒಳ ಉದ್ಯಾನಗಳ ಸುತ್ತ ಕಟ್ಟಿದವು. ಅಲ್ಲಿ ಕಡಲನ್ನು ಮರೆತೇ ದಿನ ಕಳೆಯಬಹುದು. ಎಂಪ್ರೆಸ್‌ನಲ್ಲಿ ತೆರೆದ ಡೆಕ್ ನೀರಿನಿಂದ ಅಷ್ಟೇನೂ ಎತ್ತರದಲ್ಲಿಲ್ಲ. ಹಡಗು ಸೀಳಿಕೊಂಡು ಹೋಗುವ ನೊರೆಯ ಸದ್ದು ಕೇಳುತ್ತದೆ, ಮುಖಕ್ಕೆ ಉಪ್ಪುಗಾಳಿ ತಾಗುತ್ತದೆ, ದೂರದ ಮೀನುದೋಣಿಗಳ ದೀಪಗಳು ರಾತ್ರಿ ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಅಭಿಪ್ರಾಯದಲ್ಲಿ ಹಳೆಯ ಹಡಗನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು. ಇದು ಬೇಡ ಎನ್ನುವವರಿಗೆ ಅದೇ ಹಣದಲ್ಲಿ ಒಳ್ಳೆಯ ರೆಸಾರ್ಟ್‌ನ ಕೋಣೆ ಹೆಚ್ಚು ಹಿತವಾಗಬಹುದು.

ಸಿಬ್ಬಂದಿಯ ಬಗ್ಗೆಯೂ ಒಳ್ಳೆಯ ಮಾತುಗಳೇ ಹೆಚ್ಚು. ಚಿಕ್ಕ ಹಡಗಿನಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುವುದರಿಂದ ಎರಡನೇ ದಿನಕ್ಕೆ ಹೆಸರು ಹಿಡಿದು ಮಾತನಾಡಿಸುವ ಪರಿಚಯ ಬೆಳೆಯುವುದು ಸಾಮಾನ್ಯ.

ಒಂದೇ ಹಡಗಿನ ಬಗ್ಗೆ ಅಭಿಪ್ರಾಯಗಳು ಇಷ್ಟು ಭಿನ್ನವಾಗಿರುವುದೇಕೆ?

ಅಭಿಪ್ರಾಯ ಹೇಳುವವರು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಬೇಕು. ಸಿಂಗಪುರದಲ್ಲೋ ಅಮೆರಿಕದಲ್ಲೋ ದೊಡ್ಡ ಹಡಗು ಹತ್ತಿ ಬಂದವರಿಗೆ ಎಂಪ್ರೆಸ್ ಮಂಕಾಗಿ ಕಾಣುವುದು ಖಚಿತ. ಮೊದಲ ಬಾರಿಗೆ ಹಡಗು ಹತ್ತುವವರಿಗೆ ಅದೇ ಅಂಗಳ, ಅದೇ ಗಾಜಿನ ಲಿಫ್ಟ್ ಬೆರಗು ಹುಟ್ಟಿಸುತ್ತದೆ. ಇನ್ನು, ವಾರಾಂತ್ಯದ ಎರಡು ರಾತ್ರಿಯ ಗೋವಾ ಪ್ರಯಾಣಕ್ಕೂ ವಾರದ ನಡುವಿನ ಲಕ್ಷದ್ವೀಪ ಪ್ರಯಾಣಕ್ಕೂ ವಾತಾವರಣದಲ್ಲಿ ತುಂಬ ಅಂತರವಿದೆ. ಮೊದಲನೆಯದರಲ್ಲಿ ಗೆಳೆಯರ ಗುಂಪುಗಳು, ಕಚೇರಿ ತಂಡಗಳು, ಜೋರಾದ ಸಂಗೀತ. ಎರಡನೆಯದರಲ್ಲಿ ಕುಟುಂಬಗಳು, ನಿವೃತ್ತರು. ಕಂಪನಿಯೊಂದು ಹಡಗಿನ ದೊಡ್ಡ ಭಾಗವನ್ನು ಕಾಯ್ದಿರಿಸಿದ್ದರೆ ಇತರರಿಗೆ ಸಾಲು ಉದ್ದವಾಗುತ್ತದೆ. ಆದ್ದರಿಂದ ಯಾರದೇ ಅನಿಸಿಕೆ ಓದುವಾಗ ನಕ್ಷತ್ರಗಳ ಸಂಖ್ಯೆಗಿಂತ ಅವರು ಯಾವ ಮಾರ್ಗದಲ್ಲಿ, ಯಾವ ದಿನಗಳಲ್ಲಿ, ಎಂಥ ಕ್ಯಾಬಿನ್‌ನಲ್ಲಿ ಹೋದರು ಎಂಬುದು ಹೆಚ್ಚು ಉಪಯುಕ್ತ.

ಯಾವ ಕ್ಯಾಬಿನ್ ತೆಗೆದುಕೊಳ್ಳಬೇಕು?

ಎರಡು ರಾತ್ರಿಗೆ ಒಳಭಾಗದ ಕ್ಯಾಬಿನ್ ಸಾಕು, ಮಲಗುವ ಹೊತ್ತು ಬಿಟ್ಟು ಅಲ್ಲಿ ಯಾರೂ ಇರುವುದಿಲ್ಲ. ಮೂರಕ್ಕಿಂತ ಹೆಚ್ಚು ರಾತ್ರಿಯಾದರೆ ಕಿಟಕಿಯ ಕ್ಯಾಬಿನ್‌ಗೆ ಹೆಚ್ಚುವರಿ ಹಣ ಕೊಡುವುದು ವ್ಯರ್ಥವಲ್ಲ. ಹಗಲೋ ರಾತ್ರಿಯೋ ತಿಳಿಯದ ಕೋಣೆಯಲ್ಲಿ ನಾಲ್ಕನೇ ಬೆಳಗು ಯಾರಿಗೂ ಉಲ್ಲಾಸ ತರುವುದಿಲ್ಲ. ಕಿಟಕಿಯ ಮುಂದೆ ರಕ್ಷಣಾ ದೋಣಿ ತೂಗುತ್ತಿದ್ದರೆ ನೋಟ ಮರೆಯಾಗುತ್ತದೆ, ಆದ್ದರಿಂದ ಕಾಯ್ದಿರಿಸುವಾಗಲೇ ಇದನ್ನು ಕೇಳಬೇಕು. ನಾಲ್ವರ ಕುಟುಂಬಕ್ಕೆ ಒಂದೇ ಕ್ಯಾಬಿನ್‌ಗಿಂತ ಎದುರುಬದುರು ಇರುವ ಎರಡು ಒಳಭಾಗದ ಕ್ಯಾಬಿನ್‌ಗಳು ನೆಮ್ಮದಿ. ಯಾವ ದರ್ಜೆಯಾದರೂ, ಡೆಕ್ ನಕ್ಷೆಯನ್ನು ನೋಡಿ, ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರುವ ಜಾಗವನ್ನು ಆರಿಸಬೇಕು. ನೃತ್ಯದ ಸಭಾಂಗಣದ ಕೆಳಗೋ ರಂಗಮಂದಿರದ ಪಕ್ಕಕ್ಕೋ ಸಿಕ್ಕವರು ನಿದ್ದೆಗೆಟ್ಟ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಾರೆ.

ಎಂಜಿನ್ನಿನ ಅದುರು ಹೆಚ್ಚೇ?

ಹಿಂಭಾಗದ ಕೆಳಗಿನ ಡೆಕ್‌ಗಳಲ್ಲಿ ತಿಳಿಯುವಷ್ಟು ಇರುತ್ತದೆ. ಈಚಿನ ಹಲವು ಹಡಗುಗಳಲ್ಲಿ ವಿದ್ಯುತ್ ಮೋಟಾರು ಪ್ರೊಪೆಲ್ಲರ್‌ನ ಜೊತೆಗೇ ಹಡಗಿನ ಹೊರಗೆ ತೂಗುವ ಗೂಡಿನಲ್ಲಿರುವುದರಿಂದ ಅದುರು ಕಡಿಮೆ. 1998ರಲ್ಲಿ ಕ್ರೂಸ್ ಹಡಗುಗಳಿಗೆ ಬಂದ ಆ ವ್ಯವಸ್ಥೆಗಿಂತ ಹಳೆಯ ತಲೆಮಾರು ಎಂಪ್ರೆಸ್‌ನದು. ಬಂದರಿಗೆ ಸೇರುವಾಗ ಪಕ್ಕಕ್ಕೆ ಸರಿಸುವ ಯಂತ್ರಗಳು ಓಡಿದರೆ ಲೋಟ ಗಲಗಲಿಸುವುದೂ ಉಂಟು. ಬೆಳಗ್ಗೆ ಬೇಗ ಬಂದರು ಸೇರುವ ದಿನ ಅದೇ ಅಲಾರಾಂ.

ಹಡಗು ಓಲಾಡುತ್ತದೆಯೇ? ತಲೆಸುತ್ತು ಬಂದರೆ ಏನು ಮಾಡಬೇಕು?

ಅಲೆಗಳ ಹೊಡೆತಕ್ಕೆ ಪಕ್ಕದಿಂದ ಪಕ್ಕಕ್ಕೆ ವಾಲುವುದನ್ನು ತಡೆಯಲು ಕ್ರೂಸ್ ಹಡಗುಗಳ ಎರಡೂ ಬದಿಯಲ್ಲಿ ನೀರಿನೊಳಗೆ ರೆಕ್ಕೆಗಳಂಥ ಸಾಧನಗಳಿರುತ್ತವೆ. ಅವು ಓಲಾಟವನ್ನು ಬಹಳಷ್ಟು ತಗ್ಗಿಸುತ್ತವೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಮುಂಭಾಗ ಏರಿಳಿಯುವುದನ್ನಂತೂ ತಡೆಯಲಾರವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರಬ್ಬಿ ಸಮುದ್ರ ಬಹುತೇಕ ಶಾಂತವಾಗಿರುವುದರಿಂದ ಎಷ್ಟೋ ಜನರಿಗೆ ಹಡಗು ಚಲಿಸುತ್ತಿದೆಯೆಂಬುದೇ ತಿಳಿಯುವುದಿಲ್ಲ. ಬಸ್ಸಿನಲ್ಲಿ ಘಾಟಿ ಇಳಿಯುವಾಗ ವಾಂತಿಯಾಗುವವರು ಮಾತ್ರ ಮುಂಜಾಗ್ರತೆ ವಹಿಸಬೇಕು. ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಕ್ಯಾಬಿನ್ ಕೇಳಿ ಪಡೆಯುವುದು ಒಳ್ಳೆಯದು. ಅವೊಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ಅದರ ಪ್ರಯೋಜನ ಕಡಿಮೆ. ಕ್ಯಾಬಿನ್‌ನಲ್ಲಿ ಮುದುಡಿ ಮಲಗುವುದಕ್ಕಿಂತ ತೆರೆದ ಡೆಕ್‌ನಲ್ಲಿ ದಿಗಂತ ನೋಡುತ್ತ ಕೂತರೆ ಬೇಗ ಸುಧಾರಿಸುತ್ತದೆ. ಹೊಟ್ಟೆ ಖಾಲಿ ಇಡಬಾರದು.

ಊಟದ ಬಗ್ಗೆ ಏನು ಹೇಳುತ್ತಾರೆ?

ಸಸ್ಯಾಹಾರಿಗಳಿಗೂ ಜೈನ ಪದ್ಧತಿಯವರಿಗೂ ಚಿಂತೆಯಿಲ್ಲ. ವಿದೇಶಿ ಹಡಗುಗಳಲ್ಲಿ ಸೊಪ್ಪು ಬ್ರೆಡ್ಡಿನಲ್ಲಿ ದಿನ ದೂಡಿದವರು ಇದನ್ನು ದೊಡ್ಡ ಸಮಾಧಾನವೆಂದು ಹೇಳುತ್ತಾರೆ. ದೂರು ಬರುವುದು ಮುಖ್ಯವಾಗಿ ನೂಕುನುಗ್ಗಲಿನ ಬಗ್ಗೆ. ಊಟದ ಜಾಗಗಳ ಅಳತೆ ಸಹ 1990ರದ್ದೇ, ಮತ್ತು ಅಂದಿನ ಲೆಕ್ಕದಲ್ಲಿ ಒಂದು ಕ್ಯಾಬಿನ್‌ಗೆ ಹೆಚ್ಚಾಗಿ ಇಬ್ಬರು. ಶಾಲಾ ರಜೆಯಲ್ಲಿ ಮೇಲಿನ ಹಾಸಿಗೆಗಳೂ ತುಂಬಿದಾಗ ಬೆಳಗಿನ ತಿಂಡಿಯ ಹೊತ್ತಿಗೆ ಮೇಜು ಸಿಗುವುದೇ ಕಷ್ಟವಾಗುತ್ತದೆ. ಬಾಗಿಲು ತೆರೆದ ಕೂಡಲೇ ಹೋಗುವವರು, ಅಥವಾ ಮುಚ್ಚುವ ಮುಕ್ಕಾಲು ಗಂಟೆ ಮೊದಲು ಹೋಗುವವರು ಇದರಿಂದ ಪಾರಾಗುತ್ತಾರೆ. ಹುಳಿಯನ್ನ, ಬಿಸಿಬೇಳೆಭಾತನ್ನು ನಿರೀಕ್ಷಿಸಿ ಹೋಗಬೇಡಿ. ಮನೆಯ ಉಪ್ಪಿನಕಾಯಿ ಕಟ್ಟಿಕೊಂಡು ಹೋಗುವ ಆಲೋಚನೆಯಿದ್ದರೆ ಹೊರಗಿನ ಆಹಾರದ ಬಗ್ಗೆ ಕಂಪನಿಯ ನಿಯಮವನ್ನು ಮೊದಲೇ ಓದಿಕೊಳ್ಳಿ.

ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗಬಹುದೇ?

ಹೋಗಬಹುದು, ಹೋಗುವವರೂ ಬಹಳ. ಮಂಡಿನೋವಿನವರು ಗಮನಿಸಬೇಕಾದದ್ದು ಸ್ನಾನದ ಮನೆಯ ಎತ್ತರದ ಹೊಸ್ತಿಲು ಮತ್ತು ತೆರೆದ ಡೆಕ್‌ಗೆ ಹೋಗುವ ಬಾಗಿಲುಗಳ ಹೊಸ್ತಿಲು. ಹಳೆಯ ಹಡಗುಗಳಲ್ಲಿ ಎಡವಿ ಬೀಳುವುದು ಹೆಚ್ಚಾಗಿ ಇಲ್ಲೇ. ಗಾಲಿಕುರ್ಚಿಗೆ ಹೊಂದುವ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟೇ ಇರುವುದರಿಂದ ತಿಂಗಳುಗಳ ಮೊದಲೇ ಕೇಳಬೇಕು. ಆರು ತಿಂಗಳಿಗಿಂತ ಚಿಕ್ಕ ಶಿಶುಗಳನ್ನೂ, ಇಪ್ಪತ್ನಾಲ್ಕು ವಾರ ತುಂಬಿದ ಗರ್ಭಿಣಿಯರನ್ನೂ ಬಹುತೇಕ ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಲಕ್ಷದ್ವೀಪದಲ್ಲಿ ಹಡಗಿನಿಂದ ಇಳಿಯುವುದು ಹೇಗೆ?

ಗೋವಾದಲ್ಲಿ ಮೊರ್ಮುಗಾವ್ ಬಂದರಿನ ಕಟ್ಟೆಗೂ ಕೊಚ್ಚಿಯಲ್ಲಿ ವಿಲಿಂಗ್ಡನ್ ದ್ವೀಪದ ಕಟ್ಟೆಗೂ ಹಡಗು ತಾಗಿ ನಿಲ್ಲುತ್ತದೆ, ಪ್ರಯಾಣಿಕರು ನಡೆದೇ ಇಳಿಯುತ್ತಾರೆ. ಲಕ್ಷದ್ವೀಪ ಹಾಗಲ್ಲ. ಹವಳದ ದಿಬ್ಬಗಳು ಸುತ್ತುವರಿದ ಆ ದ್ವೀಪಗಳ ಸಮೀಪಕ್ಕೆ ಇಷ್ಟು ದೊಡ್ಡ ಹಡಗು ಹೋಗಲಾರದು; ಹೊರಗಿನ ಆಳ ನೀರಿನಲ್ಲಿ ನಿಲ್ಲಿಸಿ, ಸಣ್ಣ ದೋಣಿಗಳಲ್ಲಿ ಜನರನ್ನು ಒಯ್ಯುತ್ತಾರೆ. ಹಡಗಿನ ಬಾಗಿಲಿನಿಂದ ಏರಿಳಿಯುವ ದೋಣಿಗೆ ಕಾಲಿಡುವ ಆ ಒಂದು ಕ್ಷಣ ಹಿರಿಯರಿಗೆ ಕಷ್ಟವಾಗಬಹುದು. ಗಾಳಿ ಜೋರಾದರೆ ಇಳಿಸುವುದನ್ನೇ ಕ್ಯಾಪ್ಟನ್ ರದ್ದು ಮಾಡುತ್ತಾರೆ, ಮತ್ತು ಆ ತೀರ್ಮಾನದ ಮೇಲೆ ವಾದ ನಡೆಯುವುದಿಲ್ಲ. ದ್ವೀಪ ಕಾಣಬೇಕೆಂದೇ ಹಣ ಕೂಡಿಟ್ಟು ಹೋದವರ ನಿರಾಸೆ ಅರ್ಥವಾಗುವಂಥದ್ದು. ಆದರೆ ಈ ಸಾಧ್ಯತೆ ಟಿಕೆಟಿನ ಷರತ್ತುಗಳಲ್ಲೇ ಇರುತ್ತದೆ, ಓದುವವರು ಕಡಿಮೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಬಂಗಾರಂ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಹವಳ ಎತ್ತಿಕೊಂಡು ಬರುವುದು ಕಾನೂನಿನಂತೆ ಅಪರಾಧ.

ಟಿಕೆಟಿನ ಮೇಲೆ ಇನ್ನೆಷ್ಟು ಖರ್ಚಾಗುತ್ತದೆ?

ಜಾಹೀರಾತಿನ ದರ ಒಬ್ಬರದ್ದು, ಅದೂ ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಜಿಎಸ್‌ಟಿ, ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕಗಳನ್ನು ಸೇರಿಸಿದ ಮೇಲಷ್ಟೇ ನಿಜವಾದ ಮೊತ್ತ ಕಾಣುತ್ತದೆ. ಮದ್ಯ, ಸ್ಪಾ, ಇಂಟರ್‌ನೆಟ್, ಕೆಲವು ಪ್ರದರ್ಶನಗಳು, ದಡದ ಪ್ರವಾಸಗಳಿಗೆ ಬೇರೆ ಹಣ. ಒಳಗೆ ನಗದು ನಡೆಯುವುದಿಲ್ಲ, ಎಲ್ಲವೂ ಕ್ಯಾಬಿನ್ ಕಾರ್ಡಿನ ಖಾತೆಗೆ ಸೇರುತ್ತ ಹೋಗುತ್ತದೆ. ಹೀಗಾಗಿ ಕೊನೆಯ ಬೆಳಗ್ಗೆ ಮೊತ್ತ ನೋಡಿ ದಂಗಾಗುವ ಬದಲು ಪ್ರತಿ ರಾತ್ರಿ ಸ್ವಾಗತ ಕೌಂಟರಿನಲ್ಲಿ ಲೆಕ್ಕ ಕೇಳುವುದು ಜಾಣತನ.

ಮೊಬೈಲ್ ಕೆಲಸ ಮಾಡುತ್ತದೆಯೇ?

ದಡದಿಂದ ಸ್ವಲ್ಪ ದೂರದವರೆಗೆ ಮಾತ್ರ. ಆಮೇಲೆ ಫೋನು ತಾನಾಗಿ ಉಪಗ್ರಹದ ರೋಮಿಂಗ್ ಜಾಲಕ್ಕೆ ಸೇರಿಕೊಂಡರೆ ಬಿಲ್ಲು ವಿಪರೀತವಾಗಬಹುದು. ಹಡಗು ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿಡುವುದು ಕ್ಷೇಮ.

ಮುಂಬೈಯಿಂದ ಗೋವಾಕ್ಕೆ ಅಷ್ಟು ಹೊತ್ತು ಏಕೆ? ಎಂಜಿನ್ ಹಳೆಯದೆಂದೇ?

ಅಲ್ಲ. ಸಮುದ್ರಮಾರ್ಗದಲ್ಲಿ ಮುಂಬೈ ಮತ್ತು ಗೋವಾಗಳ ನಡುವೆ ಇರುವುದು ಸುಮಾರು 400 ಕಿಲೋಮೀಟರ್. ಎಂಪ್ರೆಸ್‌ನ ಪೂರ್ಣ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್; ಮನಸ್ಸು ಮಾಡಿದರೆ ಒಂದೇ ರಾತ್ರಿಯಲ್ಲಿ ತಲುಪಬಹುದು. ಆದರೆ ಹಡಗಿನ ವೇಗ ತುಸು ಹೆಚ್ಚಿದರೂ ಇಂಧನದ ಖರ್ಚು ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ, ಮತ್ತು ಪ್ರಯಾಣಿಕರು ದುಡ್ಡು ಕೊಟ್ಟಿರುವುದು ಹಡಗಿನಲ್ಲಿ ಕಳೆಯುವ ಹೊತ್ತಿಗೇ. ಊರು ಸೇರುವುದಕ್ಕೆಂದೇ ಹಡಗು ಹತ್ತುತ್ತಿದ್ದ ಕಾಲ ಬೇರೆ. ಮುಂಬೈ ಮತ್ತು ಮಂಗಳೂರಿನ ನಡುವೆ ಸ್ಟೀಮರುಗಳು ಓಡುತ್ತಿದ್ದಾಗ ಹೋಟೆಲು ಕೆಲಸ ಹುಡುಕಿಕೊಂಡು ಹೊರಟ ಕರಾವಳಿಯ ಹುಡುಗರು ತೆರೆದ ಡೆಕ್‌ನಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಅವರಿಗೆ ನಿಧಾನ ಬೇಕಿರಲಿಲ್ಲ.

ಮಂಗಳೂರಿನಿಂದಲೇ ಹತ್ತಬಹುದೇ?

ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಚಳಿಗಾಲದಲ್ಲಿ ಬಂದು ಹೋಗುತ್ತವೆ. ಅವುಗಳ ಪ್ರಯಾಣಿಕರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ, ಗೇರುಬೀಜ ಕಾರ್ಖಾನೆಗಳಿಗೆ ಕರೆದೊಯ್ಯುತ್ತಾರೆ. ಆದರೆ ಬಂದು ಹೋಗುವುದು ಬೇರೆ, ಇಲ್ಲಿಂದಲೇ ಜನರನ್ನು ಹತ್ತಿಸಿಕೊಂಡು ಹೊರಡುವುದು ಬೇರೆ. ಎಂಪ್ರೆಸ್‌ನ ಪ್ರಯಾಣಗಳಿಗೆ ಹೆಚ್ಚಾಗಿ ಮುಂಬೈಯ ಬಲ್ಲಾರ್ಡ್ ಪಿಯರ್ ಕಡೆಗೇ ಹೋಗಬೇಕು. ರೈಲೋ ವಿಮಾನವೋ ತಡವಾದರೆ ಹಡಗು ಕಾಯುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ಮುಂಬೈ ಸೇರುವಂತೆ ಟಿಕೆಟ್ ಮಾಡಿಸಬೇಕು.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಡಲು ಶಾಂತ, ಸೆಕೆಯೂ ಕಡಿಮೆ. ಆದರೆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರಗಳಲ್ಲಿ ದರವೂ ಜನಸಂದಣಿಯೂ ತಾರಕಕ್ಕೇರುತ್ತವೆ. ಜನವರಿಯ ಎರಡನೇ ವಾರದ ನಂತರದ, ವಾರದ ನಡುವಿನ ಪ್ರಯಾಣಗಳನ್ನು ನಾವು ಮೊದಲು ಸೂಚಿಸುತ್ತೇವೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಮತ್ತು ಜುಲೈ ತಿಂಗಳುಗಳು ಪಶ್ಚಿಮ ಕರಾವಳಿಯ ವಿಹಾರಕ್ಕೂ ಹೇಳಿದವಲ್ಲ. ಆ ಕಾರಣಕ್ಕೇ 2022ರ ಜೂನ್‌ನಲ್ಲಿ ಎಂಪ್ರೆಸ್ ಚೆನ್ನೈಯಿಂದ ಪ್ರಯಾಣ ಆರಂಭಿಸಿತು, ಮತ್ತು 2023ರ ಜೂನ್‌ನಲ್ಲಿ ಅಲ್ಲಿಂದ ಶ್ರೀಲಂಕಾದ ಹಂಬನ್‌ತೋಟ, ತ್ರಿಂಕೋಮಲಿ, ಕಾಂಕೇಸಂತುರೈಗಳಿಗೆ ಹೋಯಿತು. ಮಳೆಗಾಲದಲ್ಲಿ ಹೋಗಲೇಬೇಕೆನ್ನುವವರು ತಾವು ಹೋಗುವ ವರ್ಷದ ಚೆನ್ನೈ ವೇಳಾಪಟ್ಟಿಯನ್ನು ನೋಡಬೇಕು. ಶ್ರೀಲಂಕಾ ಸೇರಿದ ಮಾರ್ಗವಾದರೆ ಆಧಾರ್ ಸಾಲದು, ಪಾಸ್‌ಪೋರ್ಟೂ ಆ ದೇಶದ ಪ್ರವೇಶ ಅನುಮತಿಯೂ ಬೇಕಾಗುತ್ತವೆ.